ಪೆಟ್ಟಿಗೆಗೊಂದು ಪಾಲು

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದಷ್ಟು ಒಳಕ್ಕೆ ನಡೆದರೆ ನಮ್ಮ ದೊಡ್ಡಪ್ಪನ ಊರು. ಅವರ ತಿಥಿಗೆ ಹೋಗಿದ್ದೆ. ಹಗಲು ಎಡೆ ಇಕ್ಕಿ, ನೆಂಟರಿಗೆಲ್ಲ ಊಟ ಬಡಿಸಿ, ರಾತ್ರಿಗೆ ಕತೆ ಮಾಡಿಸುವುದೆಂದು ಮೊದಲೇ ನಿಶ್ಚಯವಾಗಿತ್ತು. ನಮ್ಮ ಕಡೆ ಹಾಡಿಸುವುದು ಎನ್ನುವುದಿಲ್ಲ, ಕತೆ ಮಾಡಿಸುವುದು ಎನ್ನುತ್ತಾರೆ. ಮಂಟೇಸ್ವಾಮಿಗೆ ನಡೆದುಕೊಳ್ಳುವ ಒಕ್ಕಲು ನಮ್ಮದು. ನೀಲಗಾರರು ಬಂದು ತಂಬೂರಿ, ಡಕ್ಕೆ, ಗಗ್ಗರ, ತಾಳ ಹಿಡಿದು ಬೆಳಗಿನ ತನಕ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಕತೆ ಹೇಳಿದರೆ ಹೋದವರಿಗೂ ಇರುವವರಿಗೂ ಸಮಾಧಾನ.

ಆ ರಾತ್ರಿ ನಾಲ್ಕು ಜನ ಬರುವ ಕಡೆ ಐದು ಜನ ಬಂದರು. ಐದನೆಯವನು ಇಪ್ಪತ್ತು ದಾಟದ ಹುಡುಗ. ಹೆಗಲಲ್ಲಿ ಉದ್ದನೆಯ ಕರಿ ಚೀಲ. ಚಪ್ಪರದ ಕಂಬಕ್ಕೆ ಒರಗಿಸಿ ಜಿಪ್ ಎಳೆದ. ಒಳಗಿದ್ದದ್ದು ಕೀಬೋರ್ಡು. ಅದಕ್ಕೊಂದು ಸ್ಟ್ಯಾಂಡು, ಸ್ಟ್ಯಾಂಡಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ. ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು: ‘ಸಿದ್ದಪ್ಪಾಜಿ ಕತಗ ಇದ್ಯಾಕಪ್ಪ?’

ಮುಂದೆ ಕೂತು ಕತೆ ಹೇಳುವ ನೀಲಗಾರಪ್ಪ ಆ ಮಾತಿಗೆ ಉತ್ತರ ಕೊಡಲಿಲ್ಲ. ತಂಬೂರಿಯ ಬಿರಡೆ ತಿರುವಿ, ಕಿವಿ ಕೊಟ್ಟು, ಹುಡುಗನ ಕಡೆ ನೋಡದೆಯೇ ಹೇಳಿದ: ‘ಇದರ ಸುರುತಿ ಹಿಡ್ಕೊ ಮೊಗ. ಬೆಳ್ಳು ಎತ್ತಬ್ಯಾಡ.’

ನನ್ನ ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಬೆಂಗಳೂರಿನಿಂದ ಅವನ ಕಾರಿನಲ್ಲೇ ಬಂದಿದ್ದೆ. ನಂಜನಗೂಡು ದಾಟುವ ತನಕ ಅವನು ಹಾಕಿದ್ದು ಒಂದೇ ಗುಂಪಿನ ಹಾಡುಗಳು, ಇಂಗ್ಲೆಂಡಿನ ಬೇಸಿಲ್ಡನ್ ಎಂಬ ಊರಿನ ಹುಡುಗರು ಎಂಬತ್ತರ ದಶಕದಲ್ಲಿ ಕಟ್ಟಿದ ಡಿಪೆಶ್ ಮೋಡ್. ಗಿಟಾರು, ಡ್ರಮ್ಮಿನ ಗದ್ದಲ ಕಡಮೆ. ಸಿಂಥಸೈಜರಿನ ತಣ್ಣನೆಯ ನಾದ, ಅದರ ಮೇಲೆ ತೇಲುವ ಒಂದು ಕಂಠ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಕ್ ಸಂಗೀತಗಾರರಿಗೆಂದು ಒಂದು ಕೀರ್ತಿಮಂದಿರವಿದೆ. ಮೊದಲ ಧ್ವನಿಮುದ್ರಿಕೆ ಬಂದು 25 ವರ್ಷವಾದವರನ್ನು ಮಾತ್ರ ಅಲ್ಲಿ ಪರಿಗಣಿಸುತ್ತಾರೆ. ಈ ಗುಂಪಿನ ಮೊದಲ ಮುದ್ರಿಕೆ 1981ರದ್ದು, ಒಳಗೆ ಸೇರಿಸಿಕೊಂಡದ್ದು 2020ರಲ್ಲಿ. ಇವರಿಗೆಲ್ಲ ಮೂಲಪುರುಷರೆನ್ನಬಹುದಾದ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡಕ್ಕೆ ಅದರ ಮರುವರ್ಷ ಬಾಗಿಲು ತೆರೆಯಿತು, ಅದೂ ನೇರವಾಗಿ ಅಲ್ಲ, ‘ಆರಂಭದ ಪ್ರಭಾವ’ ಎಂಬ ಪಕ್ಕದ ಬಾಗಿಲಿನಿಂದ. ‘ಯಾಕೆ ಮಾವ ಇಷ್ಟು ತಡ? ಮಷೀನು ನುಡಿಸಿದರೆ ಅದು ಸಂಗೀತ ಅಲ್ಲವಾ?’ ಎಂದು ಅಳಿಯ ದಾರಿಯುದ್ದಕ್ಕೂ ಜಗಳ ತೆಗೆದಿದ್ದ. ನಾನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ನನ್ನ ಬಾಯಿ ಕಟ್ಟಿದ್ದು ಆ ಇಂಗ್ಲಿಷ್ ಹುಡುಗರಲ್ಲ, ಗುಂಡ್ಲುಪೇಟೆಯ ಒಬ್ಬ ಅಕಾರ್ಡಿಯನ್ ಮೇಷ್ಟ್ರು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಲ್ಲಿ ಒಂದು ವಾದ್ಯಗೋಷ್ಠಿ ಇತ್ತು. ಗಣೇಶನ ಹಬ್ಬಕ್ಕೆ, ಮದುವೆಯ ಆರತಕ್ಷತೆಗೆ, ಜಾತ್ರೆಗೆ ರಸಮಂಜರಿ ಕಾರ್ಯಕ್ರಮ. ಬಂಡೀಪುರದ ಕಾಡು ಹಾಯ್ದು ವಯನಾಡಿನ ಕಡೆಗೂ ಹೋಗಿ ರಾತ್ರಿ ಎರಡು ಗಂಟೆಗೆ ಮರಳುತ್ತಿದ್ದರು. ರಸ್ತೆಯಲ್ಲಿ ಆನೆ ನಿಂತ ಕತೆಗಳೇ ಅವರ ಬಳಿ ಹತ್ತಿದ್ದವು. (2009ರಿಂದ ಆ ದಾರಿಗೆ ರಾತ್ರಿ ಒಂಬತ್ತಕ್ಕೇ ಗೇಟು ಬೀಳುತ್ತದೆ. ಆನೆಗಳ ಕಡೆಯಿಂದ ನೋಡಿದರೆ ಅದು ನ್ಯಾಯವೇ.) ಎರಡು ಪಿಟೀಲು, ಒಂದು ಕೊಳಲು, ತಬಲ, ಡೋಲಕ್, ಕಾಂಗೊ, ಎದೆಗೆ ಅಕಾರ್ಡಿಯನ್ ತೂಗುಹಾಕಿಕೊಂಡು ನಿಲ್ಲುವ ನಮ್ಮ ಬೀದಿಯ ಮೇಷ್ಟ್ರು. ಹಗಲು ಹೊಲಿಗೆ ಮಿಷನ್ನು ರಿಪೇರಿ ಮಾಡುತ್ತಿದ್ದರು. ಸಂಜೆ ಬೆರಳಿನ ಎಣ್ಣೆ ಒರೆಸಿಕೊಂಡು ವೇದಿಕೆ ಹತ್ತಿದರೆ ಬೇರೆಯೇ ಮನುಷ್ಯ.

ಒಂದು ವರ್ಷ ತಂಡದವರು ಸಾಲ ಮಾಡಿ ಒಂದು ಕೀಬೋರ್ಡು, ಎರಡು ರಿದಮ್ ಪ್ಯಾಡು ತಂದರು. ಆ ಗಣೇಶನ ಹಬ್ಬಕ್ಕೆ ಪಿಟೀಲಿನವರು ಬರಲಿಲ್ಲ. ಮರುವರ್ಷ ಅಕಾರ್ಡಿಯನ್ನೂ ಇರಲಿಲ್ಲ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಅಕಾರ್ಡಿಯನ್ನು. ಏಳು ಜನ ಹೋಗುತ್ತಿದ್ದ ವ್ಯಾನಿನಲ್ಲಿ ನಾಲ್ಕು ಜನ ಕಾಲು ಚಾಚಿ ಕೂರಬಹುದಾಗಿತ್ತು. ಆ ಹಬ್ಬದ ರಾತ್ರಿ ಮೇಷ್ಟ್ರು ಸಭೆಯ ಕೊನೆಯಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದರು. ನನ್ನನ್ನು ಕಂಡು, ‘ನನ್ ದನಿ ಮಾತ್ರ ವೇದಿಕೆ ಮ್ಯಾಲಿದೆ ನೋಡು, ನಾನಿಲ್ಲಿ ನಿಂತಿವ್ನಿ’ ಎಂದು ನಕ್ಕರು. ಆ ನಗು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಇದು ನಮ್ಮೂರಿನ ಸಣ್ಣ ಸಂಕಟ ಮಾತ್ರವಲ್ಲ. 1982ರಲ್ಲಿ ಬ್ರಿಟನ್ನಿನ ವಾದ್ಯಗಾರರ ಸಂಘದ ಲಂಡನ್ ಶಾಖೆ ಸಿಂಥಸೈಜರುಗಳನ್ನೇ ನಿಷೇಧಿಸಬೇಕೆಂಬ ಮಾತು ಎತ್ತಿತ್ತು. ಬ್ಯಾರಿ ಮ್ಯಾನಿಲೋ ಎಂಬ ಗಾಯಕ ತನ್ನ ಪ್ರವಾಸಕ್ಕೆ ವಾದ್ಯವೃಂದದ ಬದಲು ಈ ಯಂತ್ರಗಳನ್ನು ಕರೆದೊಯ್ದದ್ದು ಆ ಸಿಟ್ಟಿಗೆ ಕಾರಣ. ಈಗ ಓದುವವರು ಇದನ್ನು ನಗೆಚಾಟಿಕೆಯಾಗಿ ಓದುತ್ತಾರೆ. ನನಗೆ ನಗು ಬರುವುದಿಲ್ಲ. ಸಿಂಥಸೈಜರಿನ ವಿರುದ್ಧ ಎತ್ತಿದ ಆಕ್ಷೇಪಗಳಲ್ಲಿ ಎರಡು ಬಗೆಯವಿದ್ದವು. ‘ಇದು ಸಂಗೀತವೇ ಅಲ್ಲ’ ಎಂಬುದು ಒಂದು. ‘ಇದು ನಮ್ಮ ಅನ್ನ ಕಿತ್ತುಕೊಳ್ಳುತ್ತದೆ’ ಎಂಬುದು ಇನ್ನೊಂದು. ಮೊದಲನೆಯದು ಪೊಳ್ಳು, ಎರಡನೆಯದು ನಿಜ. ಕಷ್ಟವೇನೆಂದರೆ ಎರಡನೆಯ ಮಾತನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಜನ ಮೊದಲನೆಯದನ್ನೇ ಹೇಳುತ್ತಾರೆ. ಹೊಟ್ಟೆಯ ಪ್ರಶ್ನೆ ರುಚಿಯ ಪ್ರಶ್ನೆಯ ವೇಷ ಹಾಕಿಕೊಂಡು ಬರುತ್ತದೆ. ಕೀರ್ತಿಮಂದಿರದ ಬಾಗಿಲಲ್ಲಿ ನಿಂತು ವಾದಿಸುವವರು ಆ ವೇಷವನ್ನೇ ನಿಜವೆಂದು ನಂಬಿ ವಾದಿಸುತ್ತಾರೆ.

ಹಾಗೆಂದು ನಾನು ಅಂದು ಮೇಷ್ಟ್ರ ಪಕ್ಷ ವಹಿಸಿದೆನೇ? ಇಲ್ಲ. ನಿಜ ಹೇಳಬೇಕು. 1987ರಲ್ಲಿ ‘ಪ್ರೇಮಲೋಕ’ ಬಂತು.

ಆ ಕ್ಯಾಸೆಟ್ಟು ನಮ್ಮೂರಿಗೆ ಹೇಗೆ ಬಂದಿಳಿಯಿತೆಂಬುದನ್ನು ಈಗಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಸಿನಿಮಾ ಬರುವ ಮೊದಲೇ ಹಾಡು ಬಂದಿತ್ತು. ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಬೆಳಗ್ಗೆ ಶುರುವಾದರೆ ಊಟಿಯ ಕೊನೆಯ ಬಸ್ಸು ಹೋಗುವ ತನಕ ಅದೇ. ಟೀ ಅಂಗಡಿಯಲ್ಲಿ ಅದು, ಸಲೂನಿನಲ್ಲಿ ಅದು, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕಟ್ಟಿದ ಟೇಪಿನಲ್ಲಿ ಅದು. ರವಿಚಂದ್ರನ್ ಸಿನಿಮಾ, ಮಾತೂ ರಾಗವೂ ಎರಡೂ ಹಂಸಲೇಖ. ಆವರೆಗೆ ಕನ್ನಡ ಹಾಡೆಂದರೆ ನನ್ನ ಕಿವಿಗೆ ರಾಜನ್-ನಾಗೇಂದ್ರರ ಪಿಟೀಲುಗಳ ಸಾಲು, ಜಿ.ಕೆ. ವೆಂಕಟೇಶರ ಗಾಂಭೀರ್ಯ. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ಗಳಲ್ಲಿ ಇಳಯರಾಜ ಬೇರೊಂದು ಲೋಕದ ಕಿಟಕಿ ತೆರೆದಿದ್ದರು, ಸರಿ. ಆದರೂ ಅದು ಯಾರೋ ದೊಡ್ಡವರ ಮನೆಯ ಕಿಟಕಿಯಂತೆಯೇ ಇತ್ತು. ‘ಪ್ರೇಮಲೋಕ’ದಲ್ಲಿ ಕೇಳಿದ್ದು ನಮ್ಮ ವಯಸ್ಸು. ಕಾಲೇಜಿನ ಕಾರಿಡಾರಿನಲ್ಲಿ ಹುಡುಗ ಹುಡುಗಿ ಕಿತ್ತಾಡುವ ಮಾತು ಹಾಗೆಹಾಗೆಯೇ ತಾಳಕ್ಕೆ ಹತ್ತಿತ್ತು. ಆ ತಾಳವೋ ತೊಗಲಿನದಲ್ಲ, ಯಾವುದೋ ಲೋಹದ, ಗಾಜಿನ, ಕರೆಂಟಿನ ತಾಳ. ಮನೆಯಲ್ಲಿ ಅಪ್ಪ, ‘ತಗಡು ಬಡಿದಂಗದೆ’ ಎಂದರು. ನನಗೆ ಆ ತಗಡಿನಲ್ಲೇ ಮೈ ಜುಮ್ಮೆಂದಿತು.

ಯಾಕೆ? ಬಹಳ ಸಲ ಯೋಚಿಸಿದ್ದೇನೆ. ಹಳೆಯ ಹಾಡುಗಳಲ್ಲಿ ಪಿಟೀಲು ಎಂದರೆ ಪಿಟೀಲು. ಅದಕ್ಕೊಂದು ಊರು, ಗುರು, ಕುಲ ಇತ್ತು. ಅದನ್ನು ಕಲಿಯಲು ಯಾರ ಮನೆಯ ಹೊಸ್ತಿಲು ತುಳಿಯಬೇಕು, ಯಾರು ತುಳಿಯುವ ಹಾಗಿಲ್ಲ ಎಂಬುದೂ ನಮ್ಮ ಊರುಗಳಲ್ಲಿ ಎಲ್ಲರಿಗೂ ತಿಳಿದಿತ್ತು. ಈ ಹೊಸ ನಾದಕ್ಕೆ ಕುಲವಿರಲಿಲ್ಲ. ಅದು ಯಾರ ಮನೆಯ ಹಜಾರದಿಂದಲೂ ಬಂದಿರಲಿಲ್ಲ. ಯಾರಿಗೂ ಸೇರದ್ದಾದ್ದರಿಂದ ನನಗೂ ಸೇರಬಹುದಾಗಿತ್ತು. ನಮ್ಮ ತಂಡದ ಕೀಬೋರ್ಡ್ ಅಣ್ಣ ಯಾವ ಗುರುವಿನ ಬಳಿಯೂ ಕಲಿತವನಲ್ಲ. ಚೆಂಡುಹೂವಿನ ಹೊಲದಲ್ಲಿ ಕೂಲಿ ಮಾಡುವವರ ಮಗ. ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ಒಂದೊಂದೇ ಸ್ವರ ಹೆಕ್ಕಿಕೊಂಡವನು. ಅವನು ಮೇಷ್ಟ್ರ ಜಾಗ ಕಿತ್ತುಕೊಂಡ ಎಂಬುದು ನಿಜವಾದರೆ, ಅವನಿಗೆ ಅದಕ್ಕೆ ಮೊದಲು ಎಲ್ಲಿಯೂ ಜಾಗವೇ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡು ನಿಜಗಳನ್ನು ಒಂದರ ಪಕ್ಕ ಒಂದು ಕೂರಿಸಿ ತೂಗುವ ತಕ್ಕಡಿ ನನ್ನ ಬಳಿ ಇಂದಿಗೂ ಇಲ್ಲ.

ಆ ಕಾಲದ್ದೆಲ್ಲ ಚಿನ್ನ ಎಂದು ಹೇಳುವಷ್ಟು ಹಳಹಳಿಕೆ ನನಗಿಲ್ಲ. ‘ಪ್ರೇಮಲೋಕ’ದ ಬಿಸಿ ತಣಿಯುವ ಮೊದಲೇ ಅದರ ನೂರು ನಕಲು ಬಂದವು. ಎಲ್ಲದರಲ್ಲೂ ಅದೇ ಡಿಶ್ಯುಂ ಡಿಶ್ಯುಂ ಡ್ರಮ್ಮು, ಅದೇ ಹುಸಿ ತುತ್ತೂರಿ. ಈಗ ಕೇಳಿದರೆ ಐದು ನಿಮಿಷಕ್ಕೆ ತಲೆನೋವು. ಅಳಿಯ ಹಾಕಿದ ಇಂಗ್ಲಿಷ್ ಹಾಡುಗಳಲ್ಲೂ ಅರ್ಧಕ್ಕರ್ಧ ನನಗೆ ಪ್ಲಾಸ್ಟಿಕ್ ಹೂವಿನಂತೆಯೇ ಕೇಳಿಸಿದವು. ಆದರೆ ಇದು ಯಾವ ಕಾಲದ ಯಾವ ಸಂಗೀತಕ್ಕೆ ಅನ್ವಯಿಸುವುದಿಲ್ಲ? ಕಸ ಹೆಚ್ಚಿತ್ತೆಂಬ ಕಾರಣಕ್ಕೆ ಕಣವನ್ನೇ ಅಲ್ಲಗಳೆಯುವುದಾದರೆ ರಾಗಿ ಯಾರ ಮನೆಗೂ ಬರುವುದಿಲ್ಲ.

ಅಳಿಯನ ಪ್ರಶ್ನೆಗೆ ಇದೆಲ್ಲ ಉತ್ತರವಲ್ಲ. ಅವನು ಕೇಳಿದ್ದು ಗೌರವದ ಮಾತು. ಆ ಚಪ್ಪರದಲ್ಲಿ ಕೂತು ಕೀಬೋರ್ಡಿನ ಹುಡುಗನ ಬೆರಳನ್ನೇ ನೋಡುತ್ತಿದ್ದಾಗ ನನಗೆ ಹೊಳೆದದ್ದು ಬೇರೆ. ಅವನು ಶ್ರುತಿಗೆ ಆರಿಸಿಕೊಂಡಿದ್ದ ನಾದ ಅವನದಲ್ಲ. ಯಂತ್ರದ ಒಳಗೆ ಕಾರ್ಖಾನೆಯವರೇ ತುಂಬಿಸಿಟ್ಟ ನೂರಾರು ನಾದಗಳಲ್ಲಿ ಒಂದು. ಎಂಬತ್ತರ ದಶಕದ ಸಂಗೀತದ ಮೇಲಿನ ದೊಡ್ಡ ಆಪಾದನೆ ಇದೇ. 1983ರಲ್ಲಿ ಯಮಾಹಾ ಕಂಪನಿ ಡಿಎಕ್ಸ್ 7 ಎಂಬ ಸಿಂಥಸೈಜರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹಿಂದಿದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅರವತ್ತರ ದಶಕದಲ್ಲಿ ಕಂಡುಕೊಂಡ ತಂತ್ರ. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಬಳುಕಿಸಿ ಹೊಸ ನಾದ ಹುಟ್ಟಿಸುವುದು. ಲಕ್ಷಕ್ಕೂ ಮೀರಿ ಮಾರಾಟವಾದ ಆ ಯಂತ್ರದಲ್ಲಿ ಸ್ವಂತ ನಾದ ಕಟ್ಟುವುದು ಎಷ್ಟು ಜಟಿಲವೆಂದರೆ, ನುಡಿಸುವವರಲ್ಲಿ ಬಹುಪಾಲು ಜನ ಒಳಗಿದ್ದ ಸಿದ್ಧ ನಾದಗಳನ್ನೇ ಬಳಸಿದರು. ಅದರ ಒಂದು ಪಿಯಾನೊ ನಾದವಂತೂ ಆ ದಶಕದ ಎಷ್ಟು ಪ್ರೇಮಗೀತೆಗಳಲ್ಲಿದೆಯೋ ಲೆಕ್ಕವಿಲ್ಲ. ಎಲ್ಲರಿಗೂ ಒಂದೇ ನಾದವಾದರೆ ಕಲೆಗಾರಿಕೆ ಎಲ್ಲಿ ಬಂತು ಎನ್ನುತ್ತಾರೆ ವಿಮರ್ಶಕರು.

ನಾನು ಕೇಳುತ್ತೇನೆ: ನಮ್ಮಲ್ಲಿ ಮಟ್ಟು ಎಂಬುದೊಂದಿಲ್ಲವೇ? ಸೋಬಾನೆಯ ಹೆಂಗಸರು ಹೊಸ ಮದುಮಗಳ ಹೆಸರು ಸೇರಿಸಿ ಹಾಡುವಾಗ ಮಟ್ಟನ್ನು ಹೊಸದಾಗಿ ಕಟ್ಟುತ್ತಾರೆಯೇ? ಕಂಪನಿ ನಾಟಕದ ಕವಿಗಳು ಮರಾಠಿಯ, ಪಾರ್ಸಿ ನಾಟಕಗಳ ಮಟ್ಟಿಗೇ ಕನ್ನಡ ಮಾತು ಕೂರಿಸಿದರಲ್ಲ. ಈಗ ಈ ಚಪ್ಪರದಲ್ಲಿ ನೀಲಗಾರಪ್ಪ ಹೇಳುತ್ತಿರುವ ಕತೆಯ ಧಾಟಿಯನ್ನು ಕಟ್ಟಿದವರು ಯಾರು? ಅವನ ಗುರುವಲ್ಲ, ಗುರುವಿನ ಗುರುವೂ ಅಲ್ಲ. ಸಿದ್ಧವಾಗಿರುವ ಮಟ್ಟು, ಸಿದ್ಧವಾಗಿರುವ ಸೊಲ್ಲು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹಿಂಬದಿಯವರಿಗೆ ಬಿಡಬೇಕು, ಅಳುವ ಹೆಂಗಸರ ಕಡೆ ತಿರುಗಿ ಯಾವ ಮಾತನ್ನು ಎರಡು ಸಲ ಹೇಳಬೇಕು ಎಂಬುದರಲ್ಲಿ ಅವನಿದ್ದಾನೆ. ಜಾನಪದದಲ್ಲಿ ಇದನ್ನು ‘ಸಮುದಾಯದ ಸೃಷ್ಟಿ’ ಎಂದು ಕೊಂಡಾಡಿ ವಿಶ್ವವಿದ್ಯಾಲಯದಲ್ಲಿ ಪೀಠ ತೆಗೆಯುವ ನಾವು ಯಂತ್ರದ ಸಿದ್ಧ ನಾದವನ್ನು ಮಾತ್ರ ಸೋಮಾರಿತನ ಎನ್ನುತ್ತೇವೆ. ಯಮಾಹಾದ ಆ ನಾದ ಕೂರಿಸಿದವರ ಹೆಸರು ಕೇಳುಗರಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಮಟ್ಟು ಕಟ್ಟಿದವರ ಹೆಸರೂ ಅಷ್ಟೇ. ವ್ಯತ್ಯಾಸ ಇಲ್ಲವೆನ್ನುವುದಿಲ್ಲ. ಒಂದನ್ನು ಮಾರಾಟಕ್ಕೆಂದು ತುಂಬಿಸಿದ್ದು, ಇನ್ನೊಂದು ಬಾಯಿಂದ ಬಾಯಿಗೆ ಸವೆದು ಬಂದದ್ದು. ಆದರೆ ಸವೆಯುವುದಕ್ಕೆ ಯಂತ್ರದ ನಾದಕ್ಕೂ ಸಮಯ ಕೊಟ್ಟು ನೋಡಬೇಕಲ್ಲ.

ಸಮಯ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಹಾರ್ಮೋನಿಯಂ ಸಾಕ್ಷಿ. ಪ್ಯಾರಿಸಿನಲ್ಲಿ 1842ರಲ್ಲಿ ಹಕ್ಕುಪತ್ರ ಪಡೆದ ಯಂತ್ರ ಅದು. ಕ್ರೈಸ್ತ ಮಿಶನರಿಗಳ ಜೊತೆ ಇಲ್ಲಿಗೆ ಬಂದು, ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂರಲು ಕಲಿತು, ಊರೂರು ಅಲೆಯಿತು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರಲಾಗದು, ಗಮಕ ಬಾರದು ಎಂದು ಪಂಡಿತರು ಮುನಿದರು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗೆ ಹಾಕಿದ್ದು, ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ. ಅದೇ ಮೈಸೂರಿನ ಸುತ್ತಿನ ಹಳ್ಳಿಗಳಲ್ಲಿ, ರೇಡಿಯೊ ಬೇಡವೆಂದ ಆ ಮೂವತ್ತು ವರ್ಷವೂ ‘ಕುರುಕ್ಷೇತ್ರ’ ನಾಟಕಕ್ಕೆ ಹಾರ್ಮೋನಿಯಂ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಚಾಮರಾಜನಗರದ ಸೀಮೆಯಲ್ಲಿ ಅದನ್ನು ಯಾರೂ ಹಾರ್ಮೋನಿಯಂ ಎನ್ನುತ್ತಿರಲಿಲ್ಲ. ‘ಪೆಟ್ಟಿಗೆ’ ಎನ್ನುತ್ತಿದ್ದರು. ಪೆಟ್ಟಿಗೆ ಮೇಷ್ಟ್ರು ಬಂದರೇ, ಪೆಟ್ಟಿಗೆ ಇಳಿಸಿದರೇ, ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟರೇ? ಈಗ ಭಜನೆಯ ಮನೆಯಲ್ಲಿ ಅದನ್ನು ವಿದೇಶಿ ಯಂತ್ರ ಎಂದು ನೋಡಿ, ಹಿರಿಯರು ನಿಮ್ಮನ್ನೇ ವಿದೇಶಿಯರಂತೆ ನೋಡುತ್ತಾರೆ. ತೇರಿನ ಮಾತೂ ಅಷ್ಟೇ. ಚಾಮರಾಜನಗರದ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತು. ಕೆಲವು ವರ್ಷ ಆಷಾಢದ ರಥೋತ್ಸವವೇ ನಿಂತು, ಹೊಸ ಮದುಮಕ್ಕಳು ಬರಿದೇ ಗುಡಿ ಸುತ್ತಿ ಹೋದರು. ಈಗ ಎಳೆಯುವುದು ಹೊಸ ಮರದ ರಥ. ಅದಕ್ಕೆ ಹಣ್ಣು ಜವನ ಎಸೆಯುವ ಯಾರೂ ಇದು ಹೊಸ ತೇರು ಎಂದು ಕೈ ಹಿಂದಕ್ಕೆಳೆದದ್ದನ್ನು ನಾನು ಕಂಡಿಲ್ಲ.

ಆದರೂ ಕಾಲ ಎಲ್ಲರಿಗೂ ಸಲ್ಲಬೇಕಾದ್ದನ್ನು ಸಲ್ಲಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಮೂರು ಜಪಾನಿ ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಲಲಿತ್, ಭೂಪಾಲಿ, ಎಲ್ಲ ಯಂತ್ರದಲ್ಲಿ. ಕೊಳ್ಳುವವರಿರಲಿಲ್ಲ. ಅವರು ಬಳಸಿದ ರೋಲ್ಯಾಂಡ್ ಟಿಬಿ-303 ಎಂಬ ಪುಟ್ಟ ಯಂತ್ರವೂ ಸೋತು, 1984ರ ಹೊತ್ತಿಗೆ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ಆಮೇಲೆ ಶಿಕಾಗೊದ ಕರಿಯ ಹುಡುಗರು ಅದೇ ಯಂತ್ರವನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಕೊಂಡು, ಅದರ ಗುಂಡಿ ತಿರುವಿ, ಲೋಕವನ್ನೆಲ್ಲ ಕುಣಿಸಿದ ಹೊಸ ಬಗೆಯೊಂದನ್ನು ಹುಟ್ಟಿಸಿದರು. ಸಿಂಗರ ತಟ್ಟೆ ಅದಕ್ಕೂ ಮೊದಲಿನದು, ಕಿವಿಗೆ ಹೆಚ್ಚು ಕಡಮೆ ಅದೇ. 2002ರಲ್ಲಿ ಡಚ್ ಸಂಗ್ರಾಹಕನೊಬ್ಬನ ಕೈಗೆ ಅದರ ಪ್ರತಿ ಸಿಕ್ಕಿ, 2010ರಲ್ಲಿ ಮರುಮುದ್ರಣವಾಗಿ, ಎಪ್ಪತ್ತು ದಾಟಿದ ಮುದುಕರನ್ನು ಯುರೋಪಿನ ವೇದಿಕೆಗಳಿಗೆ ಕರೆದರು. 2015ರಲ್ಲಿ ತೀರಿಕೊಂಡರು. ಒಬ್ಬ ಡಚ್ಚನ ಕಣ್ಣು ಅಂದು ಬೇರೆ ಕಡೆ ಇದ್ದಿದ್ದರೆ?

ನಮ್ಮ ಪಕ್ಕದ ತಾಳವಾಡಿ ಸೀಮೆಯ ದೊಡ್ಡಗಾಜನೂರಿನ ಮುತ್ತುರಾಜ, ಕಂಪನಿ ನಾಟಕದ ಪೆಟ್ಟಿಗೆಯ ಶ್ರುತಿಯಲ್ಲಿ ಬೆಳೆದು ರಾಜ್‌ಕುಮಾರ್ ಆದವರು, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡು ಹಾಡಿದರು. ಕಿಸಕ್ಕೆಂದವರು ಕಡಮೆ ಇರಲಿಲ್ಲ. ಇಂದು ಅದೇ ಹಾಡು ಮದುವೆ ಮನೆಯಲ್ಲಿ ಬಂದರೆ ಮೊಮ್ಮಕ್ಕಳು ಎದ್ದು ನಿಂತು ಕುಣಿಯುತ್ತಾರೆ. ಮೊದಲು ತಮಾಷೆಗೆಂದು ಶುರುಮಾಡುತ್ತಾರೆ, ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ತಮಾಷೆ ಎಲ್ಲೋ ಜಾರಿ ಅಕ್ಕರೆ ಉಳಿದಿರುತ್ತದೆ. ಇದನ್ನು ಯಾವ ಪ್ರಶಸ್ತಿ ಎನ್ನಬೇಕು?

2023ರ ಮೈಸೂರು ದಸರಾವನ್ನು ಹಂಸಲೇಖ ಉದ್ಘಾಟಿಸಿದರು. ಟೀವಿಯಲ್ಲಿ ನೋಡುತ್ತಿದ್ದೆ. ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಹೂ ಅರ್ಪಿಸುತ್ತಿದ್ದ ಅವರನ್ನು ಕಂಡಾಗ ನನ್ನ ಕಿವಿಯಲ್ಲಿ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಆ ತಗಡಿನ ತಾಳ ಶುರುವಾಯಿತು. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ರಾಷ್ಟ್ರಪ್ರಶಸ್ತಿ ಪಡೆದ ಸಂಗೀತಗಾರ, ದೇಸಿ ಸಂಗೀತಕ್ಕೆಂದು ಶಾಲೆ ಕಟ್ಟಲು ಹೊರಟ ಚಿಂತಕ, ಇವರಿಗೆ ಆ ಗೌರವ ಎಂದು ಜನ ತಿಳಿದಿರಬಹುದು. ನನ್ನ ಪಾಲಿಗೆ ಅದು ತಗಡಿಗೂ ಸಂದದ್ದು. ಆದರೆ ಆ ತಗಡನ್ನು ಅಂದು ಮದರಾಸಿನ, ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೂತು ಬಾರಿಸಿದವರು, ಗುಂಡಿ ಒತ್ತಿದವರು? ಕ್ಯಾಸೆಟ್ಟಿನ ಹೊದಿಕೆಯಲ್ಲಿ ಎಷ್ಟು ಹುಡುಕಿದರೂ ನನಗೆ ಅವರು ಸಿಕ್ಕಿರಲಿಲ್ಲ.

ಶಾಲು, ಹಾರ, ಪೇಟ, ಫಲತಾಂಬೂಲ ಎಲ್ಲ ಕೊನೆಗೆ ಬರುವಂಥವು. ಮಾಡಿ ಮುಗಿಸಿದ್ದಕ್ಕೆ ಗೌರವ. ಕ್ಲೀವ್‌ಲ್ಯಾಂಡಿನವರು ಅದಕ್ಕೆ 25 ವರ್ಷದ ಅಳತೆಯನ್ನೇ ಇಟ್ಟಿದ್ದಾರೆ. ನೀಲಗಾರರಲ್ಲಿ ಇದು ತಿರುಗುಮುರುಗು. ಒಕ್ಕಲಿನ ಮನೆಯಲ್ಲಿ ಹರಕೆ ಹೊತ್ತು ಮಗನೊಬ್ಬನನ್ನು ನೀಲಗಾರನನ್ನಾಗಿ ಬಿಡುತ್ತಾರೆ. ಗುರುಮನೆಯಲ್ಲಿ ದೀಕ್ಷೆಯಾಗಿ ತಂಬೂರಿ, ಜೋಳಿಗೆ ಕೈಗೆ ಬಂದ ದಿನವೇ ದೊಡ್ಡವರೂ ಅವನ ಕಾಲಿಗೆ ಬೀಳುತ್ತಾರೆ. ಅವನಿನ್ನೂ ಒಂದು ಸೊಲ್ಲನ್ನೂ ಸರಿಯಾಗಿ ಹಾಡಿರುವುದಿಲ್ಲ! ಗೌರವ ಮೊದಲು, ಹಾಡು ಆಮೇಲೆ. ಆ ಸಾಲವನ್ನು ಅವನು ಆಯುಷ್ಯವಿಡೀ ಭಿಕ್ಷೆ ಎತ್ತಿ, ನಿದ್ದೆಗೆಟ್ಟು ಕತೆ ಮಾಡಿ ತೀರಿಸುತ್ತಾನೆ. ಯಾರು ಅರ್ಹರು ಎಂದು ಆರಿಸುವ ಮಂಡಳಿ ಇಲ್ಲ, ಅರ್ಹನಾಗುವುದು ಅವನ ತಲೆಯ ಮೇಲಿನ ಹೊರೆ. ಇದನ್ನು ನೆನೆದಾಗ, ಯಾವ ತಂಡ ಕೀರ್ತಿಮಂದಿರಕ್ಕೆ ತಕ್ಕದ್ದು ಎಂಬ ವಾದ ನನಗೆ ಸ್ವಲ್ಪ ಮಕ್ಕಳಾಟದಂತೆ ಕಾಣುತ್ತದೆ. ಗೌರವವೆಂದರೆ ಎತ್ತರದ ಅಳತೆ ಎಂದುಕೊಂಡರೆ ಮಾತ್ರ ಆ ವಾದ. ಋಣದ ಲೆಕ್ಕ ಎಂದುಕೊಂಡರೆ ಪ್ರಶ್ನೆಯೇ ಬೇರೆಯಾಗುತ್ತದೆ. ಯಾರಿಗೆ ಯಾರ ಬಾಕಿ ಎಷ್ಟಿದೆ? ಎಂಬತ್ತರ ಆ ನಾದಕ್ಕೆ ನನ್ನ ಬಾಕಿ ಇದೆ, ಅದನ್ನು ನಾನು ಒಪ್ಪುತ್ತೇನೆ. ಆ ನಾದ ಅಕಾರ್ಡಿಯನ್ ಮೇಷ್ಟ್ರಿಗೆ ತೀರಿಸಬೇಕಾದ ಬಾಕಿ ಇದೆ. ಅದನ್ನು ಯಾರು ಒಪ್ಪಿಕೊಂಡರು?

ನಡುರಾತ್ರಿ ದಾಟಿದ ಮೇಲೆ ಕತೆ ಹಲಗೂರಿಗೆ ಬಂತು. ಮಂಟೇಸ್ವಾಮಿ ತನ್ನ ಶಿಷ್ಯನನ್ನು ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಕಳಿಸುವ ಭಾಗ. ಅನ್ನವಲ್ಲ, ಕಾಸಲ್ಲ, ಕಬ್ಬಿಣ. ಕುಲುಮೆಯವರು ಕೊಡುವುದಿಲ್ಲ, ಸಿದ್ದಪ್ಪಾಜಿಗೆ ಸಂಕಟದ ಮೇಲೆ ಸಂಕಟ ಒಡ್ಡುತ್ತಾರೆ. ಆ ಭಾಗ ಎಷ್ಟು ಸಲ ಕೇಳಿದ್ದರೂ ನನಗೆ ಮೈ ನಡುಗುತ್ತದೆ. ಅಳಿಯ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದ: ಡಿಪೆಶ್ ಮೋಡಿನವರು 1983ರಲ್ಲಿ ಲಂಡನ್ನಿನ ಪಾಳುಬಿದ್ದ ಜಾಗಗಳಿಗೆ ಟೇಪು ಹಿಡಿದು ಹೋಗಿ, ತುಕ್ಕು ಹಿಡಿದ ಕಬ್ಬಿಣ, ಕೊಳವೆ ಬಡಿದು, ಆ ಸದ್ದನ್ನು ತಂದು ಯಂತ್ರಕ್ಕೆ ಉಣಿಸಿ ಹಾಡು ಕಟ್ಟಿದರಂತೆ. ‘ಅವರೂ ಕಬ್ಬಿಣದ ಭಿಕ್ಷೆಗೆ ಹೋದವರೇ ಮಾವ.’ ಹೋಲಿಕೆ ಅತಿಯಾಯಿತು ಎಂದು ಗದರಿದೆ. ಆದರೆ ಗದರುವಾಗ ನನಗೇ ನಗು ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು. ಚಪ್ಪರ ಕತ್ತಲಾಯಿತು. ಜಗಲಿಯ ಹಿರಿಯರು ‘ಈಗ್ ಏನ್ ಮಾಡ್ತದ ಅದು?’ ಎಂದರು, ಗೆದ್ದ ದನಿಯಲ್ಲಿ. ಮೈಕು ಸತ್ತು ಒಂದು ಗಳಿಗೆ ತಂಬೂರಿಯೊಂದೇ ಕೇಳಿಸಿತು. ಕಿವಿ ಕತ್ತಲೆಗೆ ಹೊಂದಿಕೊಂಡ ಮೇಲೆ ಅದರ ಅಡಿಯಲ್ಲಿ ಇನ್ನೊಂದು ಸಣ್ಣ ನಾದವೂ ಇರುವುದು ತಿಳಿಯಿತು. ಹುಡುಗನ ಕೀಬೋರ್ಡಿನೊಳಗೆ ಸೆಲ್ಲುಗಳಿದ್ದವು. ಅವನು ಬೆರಳು ಎತ್ತಿರಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಕತೆ ಮುಗಿಯಿತು. ಮಂಟೇಸ್ವಾಮಿಯ ಗುರುತಾದ ಕಂಡಾಯಕ್ಕೆ ಮಂಗಳಾರತಿಯಾಯಿತು. ಮನೆಯವರು ಅಕ್ಕಿ, ಬೇಳೆ, ಕಾಯಿ, ಎಲೆ ಅಡಿಕೆಯ ಮೇಲೆ ದಕ್ಷಿಣೆ ಇಟ್ಟು ಕೊಟ್ಟರು. ರಾತ್ರಿಯೆಲ್ಲ ತಂಬೂರಿಯ ಮುಂದೆ ಬಿದ್ದ ಚಿಲ್ಲರೆ, ನೋಟು ಬೇರೆ. ನೀಲಗಾರಪ್ಪ ಟವೆಲ್ ಹಾಸಿ ಎಲ್ಲವನ್ನೂ ಸುರಿದು ಪಾಲು ಹಾಕಲು ಕೂತ. ‘ಇದು ತಂಬೂರಿಗ, ಇದು ಡಕ್ಕಗ, ಇದು ಗಗ್ಗರಕ, ಇದು ತಾಳಕ.’ ಹುಡುಗ ಸ್ಟ್ಯಾಂಡು ಮಡಿಸುತ್ತಾ ಬೇರೆ ಕಡೆ ನೋಡುತ್ತಿದ್ದ. ಜಗಲಿಯ ಹಿರಿಯರು ಬೀಡಿ ಹಚ್ಚಿಕೊಂಡು ಪಾಲುಗಳನ್ನೇ ಎಣಿಸುತ್ತಿದ್ದರು. ನೀಲಗಾರಪ್ಪ ಉಳಿದದ್ದನ್ನು ಎರಡು ಸಲ ಎಣಿಸಿ, ಹಾಕಿದ್ದ ನಾಲ್ಕು ಪಾಲಿನಿಂದಲೂ ಒಂದೊಂದು ನೋಟು ಹಿಂದಕ್ಕೆ ತೆಗೆದು, ಐದನೆಯದನ್ನು ಸರಿಮಾಡಿ ಮುಂದಕ್ಕೆ ತಳ್ಳಿದ.

‘ಇದು ಪೆಟ್ಗಗ’ ಎಂದ.